ಒಳಗಿನ ಎರಡು ಹೊಲಿಗೆ

ಹೋದ ವಾರ ಸೊರಬದಿಂದ ಬಂದ ಚಿಕ್ಕಮ್ಮನ ಮಗಳು ಪ್ಲಾಸ್ಟಿಕ್ ಕವರಿನಿಂದ ಒಂದು ರವಿಕೆ ತೆಗೆದು ನನ್ನ ಹೊಲಿಗೆ ಮಿಷಿನ್ನಿನ ಮೇಲಿಟ್ಟಳು. ನೇರಳೆ ಬಣ್ಣದ ರೇಷ್ಮೆ, ತೋಳಿಗೆ ಬೆರಳಗಲದ ಜರಿ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರಡಿಯಲ್ಲಿ ಇನ್ನೊಂದು ವಾಸನೆ ಇತ್ತೋ, ಇದೆಯೆಂದು ನಾನೇ ಅಂದುಕೊಂಡೆನೋ... ಮಿಷಿನ್ ಎಣ್ಣೆಯೂ ಕೊಬ್ಬರಿ ಎಣ್ಣೆಯೂ ಸೇರಿದ್ದು.

"ಅಮ್ಮಂದು ಅಕ್ಕಾ. ನಾದಿನಿ ಮದುವೆಗೆ ಹಾಕ್ಕೊಳ್ಳಾಣ ಅಂತ ತೆಗ್ದೆ. ತೋಳೇ ಏರ್ತಿಲ್ಲ. ನಂದೂ ಅಮ್ಮಂದೂ ಒಂದೇ ಅಳತೆ ಅಲ್ವಾ?" ಅಂದಳು.

ಒಂದೇ ಅಳತೆ ಹೌದು. ಅವಳ ಅಮ್ಮ ತನ್ನ ರವಿಕೆಯನ್ನು ಮಗಳಿಗೆ ತೊಡಿಸಿಯೇ ಸರಿನೋಡುತ್ತಿದ್ದರು. "ಬಿಟ್ಟು ಹೋಗು, ಬಿಚ್ಚಿ ಕೊಡ್ತೀನಿ" ಅಂದೆ. ಯಾಕೆ ಏರುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಅವಳ ಅಮ್ಮ ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯವರು. ನನಗೆ ಅವರು ಚಿಕ್ಕಮ್ಮ. ಸಂಬಂಧದಲ್ಲಿ ಏನೂ ಅಲ್ಲ, ಕರೆದೂ ಕರೆದೂ ಆದ ಚಿಕ್ಕಮ್ಮ. ಯಜಮಾನರು ಬೇಗ ತೀರಿಕೊಂಡಿದ್ದರು, ಇದ್ದವಳು ಇವಳೊಬ್ಬಳೇ ಮಗಳು. ಸಂತೆಯಲ್ಲಿ ಟಾರ್ಪಾಲಿನ ಮೇಲೆ ಹಳೇ ಬಟ್ಟೆ ಗುಡ್ಡೆ ಹಾಕಿ ಮಾರುತ್ತಿದ್ದರಲ್ಲ, ಚಿಕ್ಕಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೂ ಒಳಮುಖ ಮಾಡಿ ಹೊಲಿಗೆ ನೋಡಿ ಆರಿಸುತ್ತಿದ್ದರು. ಮೇಲಿನ ಅಂದಚಂದ ಅವರಿಗೆ ಬೇಕಿರಲಿಲ್ಲ. ಯಾರದೋ ದೊಡ್ಡ ಪ್ಯಾಂಟು ನಮ್ಮ ಬೀದಿಯಲ್ಲಿ ಹುಡುಗಿಯರ ಲಂಗವಾಗುತ್ತಿತ್ತು. ಜೇಬು ಮಾತ್ರ ಬಿಚ್ಚುತ್ತಿರಲಿಲ್ಲ. ಹುಡುಗಿಯರಿಗೇಕೆ ಜೇಬು ಎಂದು ನಮ್ಮಮ್ಮ ನಕ್ಕರೆ, "ಅವೂ ಹುಣಸೇಹಣ್ಣು ಇಟ್ಕೊಳ್ಳಾದು ಬ್ಯಾಡೇನ್ರಿ?" ಅನ್ನುತ್ತಿದ್ದರು.

ನಾನು ಕಾಲೇಜಿಗೆ ಮೊದಲ ದಿನ ಹಾಕಿಕೊಂಡು ಹೋದ ಚೂಡಿದಾರ ಆ ಗುಡ್ಡೆಯದೇ. ತಂದಾಗ ನನ್ನಂಥ ಇಬ್ಬರು ಅದರಲ್ಲಿ ಹಿಡಿಸುತ್ತಿದ್ದರು. ಭುಜ ಬಿಚ್ಚಿ, ತೋಳು ಕೂರಿಸಿ, ಎರಡು ಪಕ್ಕ ಒಳಗೆ ಹಿಡಿದು ಹೊಲಿದು ಕೊಟ್ಟರು. ಶಿವಮೊಗ್ಗದ ಯಾವ ಅಂಗಡಿಯದು ಎಂದು ಗೆಳತಿಯರು ಕೇಳಿದಾಗ ನಾನು ಬಾಯಿಗೆ ಬಂದ ಒಂದು ಹೆಸರು ಹೇಳಿದ್ದೆ. ಅದನ್ನು ಕೇಳಿ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವರದು ಒಂದೇ ಪಾಠ. ಉಳಿದ ಬಟ್ಟೆಗೆ ಕತ್ತರಿ ಹಾಕಕೂಡದು, ಮಡಿಸಿ ಒಳಗೇ ಬಿಡಬೇಕು. "ಮೈ ಇವತ್ತಿದ್ದಂಗೆ ನಾಳೆ ಇರಲ್ಲ ಕಣೆ. ಬಿಚ್ಚಿಕೊಳ್ಳಾಕೆ ಜಾಗ ಇರ್ಲಿ." ಈ ನೇರಳೆ ರವಿಕೆಯೂ ಹಾಗೆಯೇ ಬಂದದ್ದು. ಕುಪ್ಪಗಡ್ಡೆಯ ಕಡೆಯ ಸ್ಥೂಲ ಮೈಯ ಹೆಂಗಸೊಬ್ಬರು ಹಳೇ ಸೀರೆಯ ಜೊತೆ ಕೊಟ್ಟಿದ್ದರಂತೆ. ಚಿಕ್ಕಮ್ಮ ಎರಡೂ ಪಕ್ಕ ನಾಲ್ಕು ನಾಲ್ಕು ಬೆರಳು ಒಳಗೆ ತೆಗೆದುಕೊಂಡು ತಮ್ಮ ಮೈಗೆ ಮಾಡಿಕೊಂಡಿದ್ದರು.

ಮಗಳು ಸೊರಬಕ್ಕೆ ಮದುವೆಯಾಗಿ ಹೋಗಿ ಬಸಿರಾದಳು. ಆ ಹೊತ್ತಿಗೆ ನಾನು ಚಿಕ್ಕಮ್ಮನ ಮಿಷಿನ್ನಿನಲ್ಲೇ ಹೊಲಿಗೆ ಕಲಿತಿದ್ದೆ. ಕಲಿಸಿದರೇ ಹೊರತು ತಮ್ಮ ಬಟ್ಟೆಯನ್ನು ಮಾತ್ರ ನನ್ನ ಕೈಗೆ ಕೊಟ್ಟವರಲ್ಲ. ಸೀಮಂತಕ್ಕೆ ವಾರ ಇರುವಾಗ ಒಂದು ಮಧ್ಯಾಹ್ನ ಕರೆದು, ಬಾಗಿಲು ಮುಂದೆ ಮಾಡಿ, ಈ ರವಿಕೆ ತೊಟ್ಟು ನಿಂತರು. ತಮ್ಮ ಮೈಯ ಪಕ್ಕವನ್ನು ತಾವೇ ಹಿಡಿದು ಪಿನ್ನು ಹಾಕಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರ ಕೈ ಬೇಕು. ಒಂದು ಬೆರಳು ಸಡಿಲವಿತ್ತು. ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಹೊಲಿಗೆ ಹಾಕಿದೆ. ಕೊನೆಗೂ ನನ್ನ ಕೈಯನ್ನು ನಂಬಿದರಲ್ಲ ಎಂದು ನನಗೆ ಹೆಮ್ಮೆ.

ಮಗಳು ಬಾಣಂತನಕ್ಕೆ ಬರುವ ಮುಂಚೆ ಮತ್ತೆ ಕರೆದರು. ಈ ಸಲ ಎರಡು ಬೆರಳು. ಪಿನ್ನು ಹಾಕುವಾಗ ಪಕ್ಕೆಲುಬು ಕೈಗೆ ಸಿಕ್ಕಿತು.

"ಏನ್ ಚಿಕ್ಕಮ್ಮ ಇದು? ಆಸ್ಪತ್ರೆಗೆ ತೋರಿಸ್ರಿ" ಅಂದೆ.

"ತೋರಿಸ್ತೀನಿ. ಬಾಣಂತನ ಒಂದು ಮುಗೀಲಿ. ಅವಳಿಗೆ ಗೊತ್ತಾದ್ರೆ ಬರಲ್ಲ, ಅಲ್ಲೇ ಅತ್ತೆ ಮನೇಲಿ ಉಳೀತಾಳೆ. ಇರೋದೊಂದು ಮಗಳು, ಅವಳ ಮೊದಲನೇ ಬಾಣಂತನ ನಾನು ಮಾಡಬ್ಯಾಡ್ವ?" ಅಂದರು. ಆಮೇಲೆ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳುತ್ತ, "ಬಟ್ಟೆ ಜೋಲಾಡಿದ್ರೆ ತಾನೇ ಜನ ಕೇಳಾದು? ಮೈಗೆ ಕೂತ್ರೆ ಯಾರೂ ನೋಡಲ್ಲ. ನೀನು ಯಾರಿಗೂ ಹೇಳಬ್ಯಾಡ, ಆತಾ?" ಅಂದರು.

ಆಯಿತು ಅಂದೆ. ಒಂದೊಂದಾಗಿ ಅವರ ರವಿಕೆಗಳನ್ನೆಲ್ಲ ಹಿಡಿದು ಕೊಟ್ಟೆ. ಯಾರೂ ನೋಡಲಿಲ್ಲ. ಮೂರು ತಿಂಗಳು ಅವರು ನೀರು ಕಾಯಿಸಿದರು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆದರು, ಬಾಣಂತಿಗೆ ಮೆಣಸಿನ ಸಾರು ಮಾಡಿ ಬಡಿಸಿದರು. ನಾನು ಬೇಲಿಯ ಈಚೆಯಿಂದ ನೋಡುತ್ತಿದ್ದೆ. ಇವತ್ತು ಹೇಳಬೇಕು ಅನ್ನಿಸುತ್ತಿತ್ತು. ನಾಳೆ ಹೇಳಿದರಾಯಿತು ಎಂದೂ ಅನ್ನಿಸುತ್ತಿತ್ತು...

ಮಗಳು ಮಗುವನ್ನು ಎತ್ತಿಕೊಂಡು ಸೊರಬಕ್ಕೆ ಹೋದ ವಾರವೇ ಚಿಕ್ಕಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ರಿಪೋರ್ಟು ನೋಡಿ, "ಇಷ್ಟು ದಿನ ಮನೆಯವರಿಗೆ ಯಾರಿಗೂ ಗೊತ್ತಾಗ್ಲಿಲ್ವಾ? ಮೊದಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಅಂದರು. ನಾನು ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದೆ. ಚಿಕ್ಕಮ್ಮನ ರವಿಕೆ ನೋಡಿದೆ. ಒಂದು ಸುಕ್ಕಿಲ್ಲದಂತೆ ಕೂತಿತ್ತು.

ಎರಡು ತಿಂಗಳಿಗೆ ಹೋಗಿಬಿಟ್ಟರು. ನನಗೆ ಅಳು ಬರಲಿಲ್ಲ. ಜನ ಬಂದರು, ಹೋದರು, ನಾನು ಚಹಾ ಕೊಟ್ಟೆ. ಅವರ ಮಿಷಿನ್ನು ನಮ್ಮ ಮನೆಗೆ ಬಂತು. ಅದರಲ್ಲೇ ಊರವರ ಬಟ್ಟೆ ಹಿಡಿಯುತ್ತೇನೆ, ಬಿಚ್ಚುತ್ತೇನೆ. ಆಗಿನ ಆ ಮಗು ಈಗ ಎರಡನೇ ಕ್ಲಾಸು. ಇಷ್ಟು ವರ್ಷವೂ ಒಳಗೆ ಏನೋ ಮರಗಟ್ಟಿದ ಹಾಗೆಯೇ ಇದೆ. ಅಭ್ಯಾಸವಾಗಿದೆ.

ನಿನ್ನೆ ಅವಳು ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿಗೆ ಬಂದಳು. ನನ್ನ ಎರಡು ಹೊಲಿಗೆ ಬಿಚ್ಚಿ, ಚಿಕ್ಕಮ್ಮನದನ್ನು ಹಾಗೇ ಬಿಟ್ಟಿದ್ದೆ. ಇಸ್ತ್ರಿ ಹಾಕಿದರೂ ಸೂಜಿಯ ತೂತುಗಳು ಹೋಗಿರಲಿಲ್ಲ. ತೊಟ್ಟು ನೋಡಿದಳು, ಸರಿಯಾಗಿ ಕೂತಿತು. ತೆಗೆದು ಒಳಮುಖ ಮಾಡಿದಳು, ತಾಯಿಯ ಹಾಗೆಯೇ.

"ಈ ಹೊಲಿಗೆ ಅಮ್ಮಂದು. ಈ ಎರಡು ಗುರುತು ಏನಕ್ಕಾ?"

"ನಾನು ಹಾಕಿದ್ದು. ಒಂದು ನಿನ್ನ ಸೀಮಂತಕ್ಕೆ ಮುಂಚೆ. ಇನ್ನೊಂದು ನೀನು ಬಾಣಂತನಕ್ಕೆ ಬರೋಕೆ ಮುಂಚೆ. ಅಮ್ಮ ಹೇಳಬ್ಯಾಡ ಅಂದಿದ್ರು. ನಾನು ಹೇಳಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ಅವಳು ತೂತುಗಳ ಮೇಲೆ ಬೆರಳಾಡಿಸುತ್ತ ಕೂತಳು. "ಮೂರು ತಿಂಗಳು ದಿನಾ ನೋಡ್ತಿದ್ದೆ ಅಕ್ಕಾ ಅಮ್ಮನ್ನ" ಅಂದಳು. "ಬ್ಲೌಸ್ ಚೆನ್ನಾಗಿ ಕೂತಿತ್ತು."

ರವಿಕೆಯನ್ನು ನನ್ನ ಕಡೆ ತಳ್ಳಿದಳು. "ಆ ಎರಡು ಹೊಲಿಗೆ ಮತ್ತೆ ಹಾಕಿಕೊಡು."

"ಮದುವೆಗೆ?"

"ಮದುವೆಗೆ ಬೇರೆ ಹಾಕ್ಕೋತೀನಿ. ಅಮ್ಮ ಎಷ್ಟು ಸಣ್ಣಗಾಗಿದ್ಲು ಅಂತ ನಾನೊಂದ್ಸಲ ನೋಡ್ಬೇಕು."

ಚಾಕ್‌ಪೀಸಿನ ಗೆರೆ ಬೇಕಾಗಲಿಲ್ಲ. ಹಳೆಯ ತೂತುಗಳ ಮೇಲೆಯೇ ಸೂಜಿ ಇಳಿಸುತ್ತ ಹೋದೆ, ಮೊದಲು ಒಂದು ಬೆರಳು, ಆಮೇಲೆ ಎರಡು. ಅವಳು ಅದನ್ನು ಮಡಿಲಲ್ಲಿ ಹರವಿ, ಈ ಪಕ್ಕದಿಂದ ಆ ಪಕ್ಕಕ್ಕೆ ಗೇಣು ಹಾಕಿದಳು. ಒಂದು ಗೇಣು, ಮೇಲೆ ನಾಲ್ಕು ಬೆರಳು. ಇನ್ನೊಮ್ಮೆ ಹಾಕಿದಳು. ಅಷ್ಟೇ ಇತ್ತು.

ಕವರಿಗೆ ಹಾಕಿಕೊಂಡು ಎದ್ದಳು. ಯಾವಾಗಲೂ "ಬರ್ತೀನಕ್ಕಾ" ಅನ್ನುವವಳು ನಿನ್ನೆ ಅನ್ನಲಿಲ್ಲ.