ಹೂವಿಗೆ ಕಾವಲಿಟ್ಟ ಕಲ್ಲುಗಳು

ನಮ್ಮ ಟೀಚರಮ್ಮನ ಸೀರೆಗೆ ಮೊಣಕಾಲಿನ ಹತ್ತಿರ ಯಾವಾಗಲೂ ಎರಡು ದುಂಡನೆಯ ಕೆಮ್ಮಣ್ಣಿನ ಕಲೆ. ಎಷ್ಟು ಒಗೆದರೂ ಹೋಗದ ಕಲೆ. ಅಂಚಿನ ತುಂಬ ಉತ್ತರಾಣಿ ಮುಳ್ಳು. "ಓದಿದೋಳಂತೆ, ಮಣ್ಣಾಗೆ ಒರಳ್ತಾಳೆ" ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರಲ್ಲಿ ಒಬ್ಬರಾದರೂ ಆಕೆಯ ಪಕ್ಕದಲ್ಲಿ ಮಂಡಿಯೂರಿ ಕೂತು ನೋಡಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ಯಲಹಂಕದಾಚೆಯ ನಮ್ಮ ಶಾಲೆಯ ಹಿಂದೆ ಗುಂಡುತೋಪಿತ್ತು. ಹೊಂಗೆ, ಇಪ್ಪೆ, ಮಾವು ಒತ್ತಾಗಿ ಬೆಳೆದು, ಅಂಚಿಗೆ ಮುತ್ತುಗ ಹಬ್ಬಿದ ತೋಪು. ಶಿವರಾತ್ರಿ ಕಳೆದರೆ ಸಾಕು, ಶನಿವಾರದ ಬೆಳಗಿನ ಶಾಲೆ ಮುಗಿಸಿ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಹೂ ಕೀಳುವ ಹಾಗಿಲ್ಲ. ಕೈ ಬೆನ್ನ ಹಿಂದೆ ಕಟ್ಟಿ, ಮಂಡಿಯೂರಿ ನೋಡಬೇಕು. ಒಮ್ಮೆ ನಾನು ವಿಷ್ಣುಕ್ರಾಂತಿಯನ್ನು ತೋರಿಸಿ "ಯಾವ್ದೋ ಕಾಡು ಹೂ" ಅಂದೆ. ಆಕೆಗೆ ಕೋಪ ಬಂತು.

"ನಿಮ್ಮಪ್ಪನ್ನ ಯಾರಾದ್ರೂ 'ಯಾವ್ದೋ ಊರ ಗಂಡಸು' ಅಂದ್ರೆ ನಿಂಗೆ ಹೆಂಗಿರುತ್ತೆ?"

ಅವತ್ತಿನಿಂದ ನಾನು ಹೆಸರು ಕೇಳದೆ ಯಾವ ಹೂವನ್ನೂ ಬಿಟ್ಟಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ತೋಪಿನ ಒಂದು ಮೂಲೆಯಲ್ಲಿ ಕಂದು ಬಣ್ಣದ ಕಡ್ಡಿಗಳು ಬರಿ ನೆಲದಿಂದ ಎದ್ದವು. ಒಂದೆಲೆಯೂ ಇಲ್ಲ, ತುದಿಯಲ್ಲಿ ಮಾತ್ರ ಪುಟ್ಟ ಪುಟ್ಟ ಮೊಗ್ಗು. ಟೀಚರಮ್ಮ ನಮ್ಮ ಕೈಯಿಂದ ಅವುಗಳ ಸುತ್ತ ಕಲ್ಲು ಇಡಿಸಿದರು. "ಹೂ ಸಂಜೆ ಅರಳುತ್ತೆ, ನೋಡೋಕೆ ಎಲ್ಲಾರೂ ಬರೋಣ. ಎಲೆ ಬರೋದು ಮಳೆಗಾಲಕ್ಕೆ. ಎರಡನ್ನೂ ನೋಡಿದ ಮೇಲೆ ಹೆಸರು ಹೇಳ್ತೀನಿ" ಅಂದರು. ನಾವು ದಿನಾ ಹೋಗಿ ಮೊಗ್ಗು ನೋಡಿ ಬರುತ್ತಿದ್ದೆವು.

ಅಷ್ಟರಲ್ಲಿ ದೊಡ್ಡ ಅಧಿಕಾರಿಯೊಬ್ಬರು ಶಾಲೆ ನೋಡಲು ಸೋಮವಾರ ಬರುತ್ತಾರೆಂದು ಸುದ್ದಿ ಬಂತು. ಟೀಚರಮ್ಮ ತರಬೇತಿಗೆಂದು ಪೇಟೆಗೆ ಹೋಗಿದ್ದ ಶನಿವಾರವೇ ಹೆಡ್‌ಮಾಸ್ಟರು ಶ್ರಮದಾನ ಇಟ್ಟರು. ಗಂಡು ಹುಡುಗರಿಗೆ ಕುಡುಗೋಲು, ನಮಗೆ ಹೆಣ್ಣು ಮಕ್ಕಳಿಗೆ ರಂಗೋಲಿ ಡಬ್ಬಿ. ತೋಪಿನ ಕಡೆ ಹುಡುಗರು ಹೊರಟಾಗ ನಾನು ಹೆಡ್‌ಮಾಸ್ಟರ ಹತ್ತಿರ ಓಡಿದೆ.

"ಸಾರ್, ಆ ಕಡ್ಡೀಲಿ ಮೊಗ್ಗಿದೆ. ಕೀಳಿಸ್ಬೇಡಿ ಸಾರ್."

"ಒಣಕಡ್ಡೀಲಿ ಎಂಥ ಮೊಗ್ಗಮ್ಮ? ಹೋಗು, ರಂಗೋಲಿ ಹಾಕು."

ಒಂದು ಹೆಜ್ಜೆ ಬಂದು ನೋಡಲಿಲ್ಲ ಮಹಾನುಭಾವರು! ಕಡ್ಡಿಗಳನ್ನೆಲ್ಲ ಕೊಯ್ಯಿಸಿದ್ದಲ್ಲದೆ, ನಾವಿಟ್ಟ ಕಲ್ಲುಗಳನ್ನು ಎತ್ತಿಸಿ, ಸುಣ್ಣ ಬಳಿಸಿ, ದಾರಿಯ ಎರಡೂ ಬದಿಗೆ ಸಾಲಾಗಿ ಇಡಿಸಿದರು.

ಸೋಮವಾರ ಅಧಿಕಾರಿ ಆ ಸಾಲನ್ನು ನೋಡಿ "ಬಹಳ ಅಚ್ಚುಕಟ್ಟು" ಎಂದರು. ಟೀಚರಮ್ಮ ಮುಂದೆ ಬಂದರು. "ಸಾರ್, ಈ ಕಲ್ಲುಗಳನ್ನ ನನ್ನ ಮಕ್ಕಳು ಹೂವಿಗೆ ಕಾವಲಿಟ್ಟಿದ್ರು. ಹೂವನ್ನ ಕೊಯ್ದು ಕಲ್ಲಿಗೆ ಸುಣ್ಣ ಹೊಡೆದಿದ್ದಾರೆ."

ಬೇಸಿಗೆ ರಜೆ ಮುಗಿಯುವುದರೊಳಗೆ ಆಕೆಗೆ ಯಶವಂತಪುರದ ಕಡೆಗೆ ವರ್ಗವಾಗಿತ್ತು. ನಿಜ ಹೇಳಿದ್ದಕ್ಕೆ ಕೊಟ್ಟ ಬಹುಮಾನ!

ಮಳೆ ಬಿದ್ದ ಮೇಲೆ ಆ ಮೂಲೆಯಲ್ಲಿ ಉದ್ದನೆಯ ಹಸಿರು ಎಲೆಗಳೆದ್ದವು. ಅಣ್ಣನ ಜೊತೆ ಬಸ್ಸು ಹತ್ತಿ ಯಶವಂತಪುರಕ್ಕೆ ಹೋಗಿ ಹೇಳಿದೆ. ಟೀಚರಮ್ಮನ ಮುಖ ಅರಳಿತು. "ಗೆಡ್ಡೆ ಆಳದಲ್ಲಿರುತ್ತೆ, ಅವರ ಕುಡುಗೋಲಿಗೆ ಸಿಗಲ್ಲ ಬಿಡು" ಎಂದರು. ಆದರೆ ಹೆಸರು ಮಾತ್ರ ಹೇಳಲಿಲ್ಲ. "ಹೂ ನೋಡಿದ್ಯಾ? ಇಲ್ವಲ್ಲ. ನೋಡ್ಕೊಂಡು ಬಾ."

ಮರುವರ್ಷ ಸಂಜೆಗತ್ತಲಲ್ಲಿ ಮಂಡಿಯೂರಿ ಕೂತು ಆ ಮಾಸಲು ಬಿಳಿ ಹೂವು ಅರಳುವುದನ್ನು ನೋಡಿದೆ. ಮತ್ತೆ ಬಸ್ಸು ಹತ್ತಿದೆ. ಆಗ ಹೇಳಿದರು: ಕಾಡೀರುಳ್ಳಿ.

ಕೆಲವು ವರ್ಷಗಳ ನಂತರ ಟೀಚರಮ್ಮ ಕಾಯಿಲೆಯಿಂದ ತೀರಿಕೊಂಡರು. ನಮ್ಮ ಹಳೆಯ ಶಾಲೆಯಲ್ಲಿ ನಡೆದ ಸಂತಾಪ ಸಭೆಗೆ ನಾನೂ ಹೋಗಿದ್ದೆ. ಫೋಟೋಗೆ ಕಾಗದದ ಹೂವಿನ ಹಾರ. ಅದೇ ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು, "ಅವರಂತೆ ನಾನೂ ಹೂಗಿಡಗಳನ್ನು ಪ್ರೀತಿಸಿದವನು" ಎಂದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

"ಸಾರ್, ಅವತ್ತು ನೀವು ಕೊಯ್ಸಿದ್ರಲ್ಲ, ಆ ಹೂವಿನ ಹೆಸರೇನು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನೇ ಹೇಳಮ್ಮ" ಎಂದರು.

"ಮಳೆಗಾಲದಲ್ಲಿ ಎಲೆ ನೋಡಿ ಸಾರ್, ಬೇಸಿಗೇಲಿ ಹೂ ನೋಡಿ. ಆಮೇಲೆ ಬನ್ನಿ" ಎಂದು ಹೇಳಿ ಕೂತೆ.