ಬೆನ್ನ ಮೇಲೆ ತುಂಬಿಯೇ ಉಳಿದ ನೀರು

ಒಂದು ಚೀಲಕ್ಕೆ ಸಾವಿರದ ನೂರು ರೂಪಾಯಿ. ಹನ್ನೆರಡು ತಂದೆ. ಹುಬ್ಬಳ್ಳಿಯ ಅಂಗಡಿಯವರು ಮೊದಲು ಹೇಳಿದ್ದು ಸಾವಿರದ ನಾನೂರೈವತ್ತು. ಉಳಿದ ಮುನ್ನೂರೈವತ್ತನ್ನು ಹೇಗೆ ಇಳಿಸಿದೆ ಎಂದು ಆಗ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಅದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇದು ಎರಡು ವರ್ಷದ ಹಿಂದಿನ ಮಾತು. ಶಿರಸಿಯಿಂದ ಜನರನ್ನು ಒಂದು ದಿನದ ಚಾರಣಕ್ಕೆ ಕರೆದೊಯ್ಯುವ ನನ್ನ ಕೆಲಸ ಒಂಬತ್ತನೇ ವರ್ಷಕ್ಕೆ ಬಿದ್ದಿತ್ತು. ಅದಕ್ಕೂ ಮೊದಲು ಗೂಡಂಗಡಿ ಇಟ್ಟು ಚಹಾ ಮಾರುತ್ತಿದ್ದವಳು ನಾನು. ಯಾರ ಸಾಲವೂ ಇಲ್ಲದೆ, ಯಾರ ಶಿಫಾರಸೂ ಇಲ್ಲದೆ ಈ ದಾರಿಗೆ ಬಂದೆ. ಚಾರಣದಲ್ಲಿ ನನಗಿದ್ದ ದೊಡ್ಡ ತಲೆನೋವು ನೀರಿನ ಬಾಟಲಿ. ಅದನ್ನು ಕೈಯಲ್ಲಿ ಹಿಡಿದವರು ಇಳಿಜಾರಿನಲ್ಲಿ ಜಾರುತ್ತಿದ್ದರು, ಖಾಲಿಯಾದರೆ ಪೊದೆಗೆ ಎಸೆಯುತ್ತಿದ್ದರು. ಅದಕ್ಕೆ ಹೈಡ್ರೇಷನ್ ಬ್ಯಾಕ್‌ಪ್ಯಾಕ್ ಒಳ್ಳೆಯ ಉಪಾಯ ಎನ್ನಿಸಿತು. ಬೆನ್ನಿಗೆ ಹಾಕುವ ಚೀಲದೊಳಗೆ ಬ್ಲಾಡರ್ ಎಂಬ ಮೆತ್ತನೆಯ ನೀರಿನ ಸಂಚಿ ಇರುತ್ತದೆ. ಅದರಿಂದ ಹೊರಟ ನಳಿಕೆ ಭುಜದ ಮೇಲಿಂದ ಬಾಯಿಯ ಹತ್ತಿರ ಬರುತ್ತದೆ. ನಳಿಕೆಯ ತುದಿಯ ರಬ್ಬರ್ ಮೂತಿಗೆ ಬೈಟ್ ವಾಲ್ವ್ ಎನ್ನುತ್ತಾರೆ. ಕಚ್ಚಿ ಹೀರಿದರೆ ನೀರು. ಕೈ ಎರಡೂ ಖಾಲಿ.

ಅಂಗಡಿಯವರು ಚೌಕಾಸಿಗೆ ಜಗ್ಗುವವರಾಗಿರಲಿಲ್ಲ. "ಅಕ್ಕಾರ, ಒಂದೊಂದಕ್ಕ ನಾಕ್ನಾಕು ಹೆಚ್ಚಿನ ವಾಲ್ವ್ ಅದಾವ್ರಿ, ತೊಳಿಯೋ ಬ್ರಷ್ ಐತಿ. ಇನ್ನೇನ್ ಕಡಿಮಿ ಮಾಡ್ಲಿ?"

"ಅವನ್ನೆಲ್ಲ ನೀವೇ ಇಟ್ಕೊಳ್ಳಿ. ಒಂದು ಬಾಯಿಗೆ ಎಷ್ಟು ವಾಲ್ವ್ ಬೇಕು?"

"ನಿಮ್ಮ ಜೋಡಿ ವ್ಯಾಪಾರ ಭಾಳ ತ್ರಾಸ ಬಿಡ್ರಿ," ಎಂದು ನಕ್ಕು ಕೊಟ್ಟರು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಮೊದಲೆರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಬಂದವರು ಹೆಚ್ಚಾಗಿ ಕಾಲೇಜಿನವರು. ಕಚ್ಚಿದರು, ಹೀರಿದರು, ಫೋಟೋ ತೆಗೆಸಿಕೊಂಡರು. ಪ್ರತಿ ಸಲವೂ ನಾನು ವಾಲ್ವ್‌ಗಳನ್ನು ಬಿಸಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತಿದ್ದೆ.

ಫೆಬ್ರವರಿ ಕೊನೆಗೆ ಸಿದ್ದಾಪುರದ ಕಡೆಯ ಒಂಬತ್ತು ಶಿಕ್ಷಕಿಯರು ಬಂದರು. ಹೆಗ್ಗರಣೆಯಿಂದ ಕಾಲುದಾರಿಯಲ್ಲಿ ಜಲಪಾತದವರೆಗೆ ಹೋಗಿ, ಮೇಲಿನ ಬೆಟ್ಟದ ದಾರಿಯಲ್ಲಿ ವಾಪಸ್ ಬರುವ ನಡಿಗೆ. ಗುಂಪಿಗೆ ಹಿರಿಯರು ಕಮಲಾ ಟೀಚರ್, ನಿವೃತ್ತರಾಗಿ ವರ್ಷವಾಗಿತ್ತು. ಚೀಲ ಕೊಟ್ಟಾಗ ಅವರು ಮೂತಿಯನ್ನು ತಿರುಗಿಸಿ ನೋಡಿದರು.

"ಇದ್ನ ಬಾಯಲ್ಲಿ ಕಚ್ಚಿ ಹೀರವನೇ?"

"ಹೌದು ಟೀಚರೇ. ಸಣ್ಣ ಮಕ್ಕಳು ಬಾಟ್ಲಿ ಹಾಲು ಕುಡಿದ ಹಾಗೆ."

"ಕಮಲಕ್ಕಂಗೆ ಹಲ್ಲು ಬಂದು, ಹೋಗೂ ಆತಲೇ!" ಎಂದರು ಹಿಂದಿನಿಂದ ಒಬ್ಬರು. ಎಲ್ಲರೂ ನಕ್ಕರು.

ಟೀಚರ್ ಮಾತ್ರ ಬಿಡಲಿಲ್ಲ. "ನಂಗಿಂತ ಮುಂಚೆ ಯಾರ್ಯಾರು ಕಚ್ಚಿದ್ವೋ ಎಂತೋ."

"ಬಿಸಿನೀರಲ್ಲಿ ತೊಳ್ದಿದ್ದೇನೆ ಮಾರಾಯ್ರೇ. ಒಂದೊಂದಕ್ಕೆ ಸಾವಿರದ ನೂರು ಕೊಟ್ಟು ತಂದಿದ್ದು, ನಿಮ್ಮಂಥವರ ಸಲುವಾಗೇ," ಎಂದೆ ಗತ್ತಿನಿಂದ. ಅವರು ಚೀಲ ಹೆಗಲಿಗೇರಿಸಿದರು.

ನಮ್ಮ ಕಡೆ ಚೊಂಬನ್ನು ತುಟಿಗೆ ತಾಗಿಸಿ ಕುಡಿಯುವುದಿಲ್ಲ, ಮೇಲೆತ್ತಿ ಬಾಯಿಗೆ ಸುರಿದುಕೊಳ್ಳುತ್ತಾರೆ. ಇನ್ನೊಬ್ಬರ ಬಾಯಿ ತಾಗಿದ್ದು ಎಷ್ಟು ತೊಳೆದರೂ ಎಂಜಲೇ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಚಹಾದಂಗಡಿಯಲ್ಲಿ ಎಷ್ಟೊಂದು ಗಿರಾಕಿಗಳಿಗೆ ನೀರಿನ ಚೊಂಬು ಕೊಟ್ಟವಳು ನಾನು! ಬೆಲೆ ಇಳಿಸುವ ಹುರುಪಿನಲ್ಲಿ ಅದು ತಲೆಗೆ ಬರಲೇ ಇಲ್ಲ.

ಅರ್ಧ ತಾಸಿಗೊಮ್ಮೆ ಕೇಳುತ್ತಿದ್ದೆ: "ನೀರು ಕುಡೀತಿದ್ದೀರಾ?"

"ಹೂಂ, ಕುಡಿತಾ ಇದ್ಯ," ಎಂದು ಒಕ್ಕೊರಲಿನ ಉತ್ತರ. ಬಾಟಲಿಯಾದರೆ ನೀರು ಎಷ್ಟು ಇಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಬ್ಲಾಡರ್ ಚೀಲದ ಹೊಟ್ಟೆಯೊಳಗೆ, ಏನೂ ಕಾಣುವುದಿಲ್ಲ. ನಾನು ನಂಬಿದೆ.

ವಾಪಸ್ ಬರುವಾಗ, ಮಧ್ಯಾಹ್ನ ಎರಡರ ಹೊತ್ತಿಗೆ, ನೆರಳಿಲ್ಲದ ಏರಿನಲ್ಲಿ ಕಮಲಾ ಟೀಚರ್ ಕಾಲು ಸೆಡೆತು ಕುಳಿತುಬಿಟ್ಟರು. ತುಟಿ ಬಿಳಿಚಿತ್ತು. ನನ್ನ ಕೈ ಹಿಡಿದು, ಇನ್ನೂ ಶಾಲೆಯಲ್ಲೇ ಇದ್ದವರಂತೆ, "ಮಕ್ಕ ಎಲ್ಲ ಹೊರಗೇ ನಿಂತಿದ್ದ, ಗಂಟೆ ಹೊಡಿ," ಎಂದರು. ಭಾರ ಇಳಿಸೋಣವೆಂದು ಅವರ ಚೀಲ ಎತ್ತಿದೆ. ಬೆಳಿಗ್ಗೆ ತುಂಬಿ ಕೊಟ್ಟಷ್ಟೇ ತೂಕ! ಉಳಿದ ಎಂಟು ಚೀಲಗಳನ್ನೂ ಎತ್ತಿ ನೋಡಿದೆ. ಒಂದರಲ್ಲೂ ಗುಟುಕು ನೀರು ಇಳಿದಿರಲಿಲ್ಲ. ಅವರಲ್ಲೊಬ್ಬರು ಮನೆಯಿಂದ ತಂದಿದ್ದ ಒಂದು ಸಣ್ಣ ಬಾಟಲಿಯನ್ನು ಒಂಬತ್ತು ಜನ ಎತ್ತೆತ್ತಿ ಕುಡಿದು ಯಾವಾಗಲೋ ಮುಗಿಸಿದ್ದರು.

ನಳಿಕೆಯನ್ನು ಬಾಯಿಗೆ ಹಿಡಿದರೆ ಅಂಥ ಸ್ಥಿತಿಯಲ್ಲೂ ಟೀಚರ್ ಮುಖ ತಿರುಗಿಸಿದರು. ವಾಲ್ವನ್ನೇ ಕಿತ್ತೆಸೆದೆ. ಬ್ಲಾಡರ್ ಹೊರಗೆಳೆದು, ಒಆರ್‌ಎಸ್ ಪುಡಿ ಕದಡಿದೆ. ಇಬ್ಬರು ಅವರನ್ನು ನೆಟ್ಟಗೆ ಕೂರಿಸಿ ಸೆರಗಿನಿಂದ ನೆರಳು ಹಿಡಿದರು. ನಾನು ನಳಿಕೆಯನ್ನು ಬಾಯಿಂದ ಮೇಲಕ್ಕೆ ಹಿಡಿದು ಸಂಚಿಯನ್ನು ಮೆಲ್ಲಗೆ ಹಿಂಡಿದೆ. ಧಾರೆ ಬಿತ್ತು. ಅವರು ಬಾಯಿ ತೆರೆದರು. ಗುಟುಕು ಗುಟುಕಾಗಿ, ಗಂಟಲಿಗೆ ಇಳಿದದ್ದು ನೋಡಿಕೊಂಡು, ಇಪ್ಪತ್ತು ನಿಮಿಷ ಕುಡಿಸಿದೆ. ಆಮೇಲೆ ನನ್ನ ಚೀಲದಲ್ಲಿದ್ದ ಪಂಚೆಯಿಂದ ಜೋಲಿ ಕಟ್ಟಿ, ಎಲ್ಲರೂ ಸೇರಿ ಹೊತ್ತು ರಸ್ತೆಗೆ, ಅಲ್ಲಿಂದ ಜೀಪಿನಲ್ಲಿ ಸಿದ್ದಾಪುರದ ಆಸ್ಪತ್ರೆಗೆ.

"ಇನ್ನೊಂದು ತಾಸು ತಡ ಆಗಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರು. "ನೀರು ತಗೊಂಡು ಹೋಗಿರ್ಲಿಲ್ವಾ?"

ಮರುದಿನ ಟೀಚರ್ ಎದ್ದು ಕುಳಿತಿದ್ದರು. ನಾನು ತಡೆಯಲಾರದೆ ಕೇಳಿದೆ: "ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ಅಷ್ಟು ದುಡ್ಡು ಕೊಟ್ಟು ತಂದಿದ್ದು ಹೇಳಿ ನೀ ಹೇಳಿದ ಮೇಲೆ 'ಎಂಜಲು' ಹೇಳದು ಹೆಂಗೆ? ನಿಂಗೆ ಬೇಜಾರಾಗ್ತಿತ್ತು."

"ನೀವು ಸತ್ತಿದ್ರೆ ಬೇಜಾರಾಗ್ತಿರ್ಲಿಲ್ವಾ?"

"ಅದು ಬೇರೆ ವಿಷ್ಯ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರ ದಾಕ್ಷಿಣ್ಯದ ಮೇಲೆ ಸಿಟ್ಟು, ನನ್ನ ಜಂಬದ ಮೇಲೆ ಅದಕ್ಕಿಂತ ಸಿಟ್ಟು. ಹೆಚ್ಚಿನ ವಾಲ್ವ್ ಕೇಳಿಕೊಂಡು ಮತ್ತೆ ಹುಬ್ಬಳ್ಳಿಗೆ ಹೋದರೆ, "ಆ ಮಾಡೆಲ್ ಬರೂದ ನಿಂತೈತ್ರಿ, ಅಕ್ಕಾರ," ಎಂದರು. ಹನ್ನೆರಡೂ ಚೀಲಗಳನ್ನು ಬಂದ ಬೆಲೆಗೆ ಮಾರಿ, ಬಿಡಿ ವಾಲ್ವ್ ಸಿಗುವ ಬೇರೆ ಚೀಲ ತಂದೆ.

ನೀವು ಕೊಳ್ಳುವುದಾದರೆ ನನ್ನ ಮಾತು ಕೇಳಿ. ಬೆಲೆಯಲ್ಲಿ ಜಗ್ಗಾಡಿ, ವಾಲ್ವಿನಲ್ಲಿ ಬೇಡ. ಒಂದೊಂದು ಬಾಯಿಗೆ ಒಂದೊಂದು ಹೊಸ ಮೂತಿ ಬೇಕು, ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಬ್ಲಾಡರಿನ ಬಾಯಿ ನಿಮ್ಮ ಕೈ ಒಳಗೆ ಹೋಗುವಷ್ಟು ಅಗಲವಿರಲಿ, ಇಲ್ಲದಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಅಂಗಡಿಯಲ್ಲೇ ನೀರು ತುಂಬಿಸಿ, ಹೆಗಲಿಗೆ ಹಾಕಿ ನಾಲ್ಕು ಮೆಟ್ಟಿಲು ಹತ್ತಿ ಇಳಿಯಿರಿ, ನಾಚಬೇಡಿ. ಕಚ್ಚಿ ಕುಡಿಯದವರು ಗುಂಪಿನಲ್ಲಿದ್ದರೆ ಅವರಿಗೆ ಸ್ಟೀಲ್ ಬಾಟಲಿಯೇ ಸರಿ, ಚೀಲ ಹೇರಬೇಡಿ. ಇನ್ನು ದಾರಿಯಲ್ಲಿ, ನೀರು ಕುಡಿದಿರಾ ಎಂದು ಯಾರನ್ನೂ ಕೇಳಬೇಡಿ. ಗಂಟೆಗೊಮ್ಮೆ ಹಿಂದೆ ಹೋಗಿ ಅವರ ಚೀಲವನ್ನು ಕೈಯಿಂದ ಎತ್ತಿ ನೋಡಿ. ಹಗುರಾಗಿರದಿದ್ದರೆ ಅಲ್ಲೇ ನಿಲ್ಲಿ, ಅವರು ಕುಡಿಯುವವರೆಗೆ ಒಂದು ಹೆಜ್ಜೆ ಮುಂದಿಡಬೇಡಿ.