ಎಂಟು ರೊಟ್ಟಿಯ ಪರೀಕ್ಷೆ

ನಾನು ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಲಬುರಗಿ ಕಡೆಯಿಂದ ನಾಸಿಕ್‌ಗೆ ಬಂದ ಅಪ್ಪ ಗೌಂಡಿ, ಅವ್ವ ಅವನ ಕೈಗೆ ಗಾರೆ ಹೊತ್ತು ಕೊಡುವವಳು. ಅವರು ಕಟ್ಟುತ್ತಿದ್ದ ಬಿಲ್ಡಿಂಗುಗಳ ಹಸಿ ಗೋಡೆಗೆ ಬೆನ್ನು ಕೊಟ್ಟು ಕೂತು ಓದಿದವಳು ನಾನು. ಅಪ್ಪ ಈಗಿಲ್ಲ. ಅವ್ವ ನಾಸಿಕ್‌ನಲ್ಲೇ ತಮ್ಮನ ಹತ್ತಿರ ಇರುತ್ತಾಳೆ. ತಮ್ಮ ಸಿನ್ನರ್‌ನ ಫ್ಯಾಕ್ಟರಿಯಲ್ಲಿ ಫಿಟ್ಟರ್.

ಅವ್ವನಿಗೆ ತವರಿನಿಂದ ಬರುತ್ತಿದ್ದದ್ದು ಒಂದೇ, ವರ್ಷಕ್ಕೊಂದು ಚೀಲ ಬಿಳಿಜೋಳ. ಅವಳ ಅಣ್ಣ, ನಮ್ಮ ಸೋದರಮಾವ, ಹೊಲದಲ್ಲಿ ಒಂದು ಪಟ್ಟಿಯನ್ನು ತಂಗಿಗೆ ಅಂತಲೇ ಬಿತ್ತುತ್ತಿದ್ದ. ಚೀಲ ರೈಲಿನಲ್ಲಿ ಬರೋದು, ತಮ್ಮ ಡ್ಯೂಟಿ ಮುಗಿಸಿ ಸ್ಟೇಷನ್ನಿಗೆ ಓಡೋದು, ಅರ್ಧ ನನ್ನ ಪಾಲಿಗೆ ಬರೋದು. ಅದನ್ನು ಹೊತ್ತು ಬಸ್ ಇಳಿಯುವಾಗ ನನ್ನ ವಿದ್ಯಾರ್ಥಿಗಳು ಯಾರಾದರೂ ಕಂಡಾರೇ ಅಂತ ಆಚೀಚೆ ನೋಡುತ್ತಿದ್ದೆ.

ಹೋದ ಬೇಸಿಗೆ ರಜೆಗೆ ನಾನು ನಾಸಿಕ್‌ಗೆ ಹೋದಾಗಲೇ ಚೀಲ ಬಂತು. ತಮ್ಮ ಅದನ್ನು ಅಡುಗೆಮನೆಯಲ್ಲಿ ಇಳಿಸಿ ಸೊಂಟ ಹಿಡಿದುಕೊಂಡ.

“ಅವ್ವಾ, ಇಂಥಾ ಜ್ವಾಳ ಇಲ್ಲೇ ಮಾರ್ಕೆಟ್‌ನ್ಯಾಗ ಸಿಗ್ತದ. ತಿಂದ್ರ ಯಾರಿಗೂ ಫರಕ್ ಗೊತ್ತಾಗಲ್ಲ.”

“ನಿಂಗ ಗೊತ್ತಾಗಲ್ಲ. ನಂಗ ಕಣ್ಣು ಕಟ್ಟಿ ಕೊಟ್ರೂ ಗೊತ್ತಾಗ್ತದ.”

“ಹಂಗಾರ ನಮ್ಮ ಪ್ರೊಫೆಸರ್ ಮೇಡಂನ್ನ ಕೇಳೋಣ. ಅಕ್ಕಾ, ಇದಕ್ಕೇನರ ಟೆಸ್ಟ್ ಅದ ಏನು? ಅವ್ವ ಸೋತ್ರ ಮುಂದಿನ ವರ್ಷದಿಂದ ಚೀಲ ಬಂದ್.”

“ಗೆದ್ರ?” ಅಂದಳು ಅವ್ವ.

“ಗೆದ್ರ ಬಾಯಿ ಮುಚ್ಕೊಂಡು ಹೊರ್ತೀನಿ, ಸೊಂಟ ಮುರಿಯೋ ತನಕ.”

ಟೆಸ್ಟ್ ಇತ್ತು. ಪ್ರತಿ ವರ್ಷ ತರಗತಿಯಲ್ಲಿ ಕಲಿಸುವುದೇ. ಮರುದಿನ ಪೇಟೆಯಿಂದ ಜೋಳ ತರಿಸಿ ಎರಡನ್ನೂ ಒಂದೇ ಗಿರಣಿಯಲ್ಲಿ ಬೀಸಿಸಿದೆ. ತಮ್ಮನ ಹೆಂಡತಿ ಎರಡೂ ಹಿಟ್ಟಿನಿಂದ ನಾಲ್ಕು ನಾಲ್ಕು ರೊಟ್ಟಿ ಬಡಿದಳು. ಒಂದೇ ಕೈ, ಒಂದೇ ಹಂಚು. ಯಾವ ತಟ್ಟೆಯಲ್ಲಿ ಯಾವುದು ಅಂತ ನಾನು ಚೀಟಿ ಎತ್ತಿ ಗೊತ್ತುಮಾಡಿದೆ. ನಾಲ್ಕು ಊರಿನವು, ನಾಲ್ಕು ಪೇಟೆಯವು, ಊರಿನ ನಾಲ್ಕನ್ನು ಅವ್ವ ಆರಿಸಬೇಕು.

“ಪಲ್ಯ?” ಅಂದಳು ಅವ್ವ.

“ಪಲ್ಯ ಇಲ್ಲ. ರುಚಿ ಕೆಡ್ತದ.”

“ಒಣಾ ರೊಟ್ಟಿ ಜೇಲಿನ್ಯಾಗ ಕೊಡ್ತಾರಂತ ಕೇಳಿದ್ದೆ.”

ತಮ್ಮ ನಕ್ಕ. ಅವ್ವ ಒಂದೊಂದೇ ತುಣುಕು ಮುರಿದು ಅಗಿದಳು, ನೀರು ಕುಡಿದಳು, ಮತ್ತೆ ಅಗಿದಳು. ಆರನೆಯದರ ಹೊತ್ತಿಗೆ “ನಾಲಿಗಿ ಒಣಗ್ಯಾದ” ಅಂದಳು. ನಾನು ಮುಂದಿನ ತಟ್ಟೆ ಸರಿಸಿದೆ. ಕೊನೆಗೆ ನಾಲ್ಕು ಆರಿಸಿ ಪಕ್ಕಕ್ಕಿಟ್ಟಳು. ಮೂರು ಸರಿ. ಒಂದು ಪೇಟೆಯದು.

ಸಾವಿರಾರು ಜನರ ಮಾಹಿತಿ ಇದ್ದರೆ ಅಂದಾಜಿನ ಸೂತ್ರ ಹಾಕಿದರೂ ನಡೆಯುತ್ತದೆ, ಉತ್ತರ ಹೆಚ್ಚುಕಡಿಮೆ ಸರಿ ಇರುತ್ತದೆ. ಎಂಟು ರೊಟ್ಟಿಗೆ ಆ ಸೂತ್ರವನ್ನು ನಂಬುವಂತಿಲ್ಲ. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿ ಎಪ್ಪತ್ತು, ಅಷ್ಟನ್ನೂ ಎಣಿಸಬೇಕು. ನಾನು ಎಣಿಸಿ ತೋರಿಸಿದೆ. ಏನೂ ಗೊತ್ತಿಲ್ಲದೆ ಊಹೆಯ ಮೇಲೆ ಆರಿಸಿದವರೂ ಹೆಚ್ಚುಕಡಿಮೆ ನಾಲ್ಕಕ್ಕೊಂದು ಸಲ ಮೂರಾದರೂ ಸರಿ ಹೇಳಿಬಿಡುತ್ತಾರೆ. ನಾಲ್ಕೂ ಸರಿಯಾಗಿದ್ದರೆ ಮಾತ್ರ ಅವ್ವನನ್ನು ನಂಬಬಹುದಿತ್ತು.

“ಇದು ಅಂದಾಜಲ್ಲ ಅವ್ವಾ, ಖರೇ ಲೆಕ್ಕ,” ಅಂದೆ. ಆ ಮಾತು ಹೇಳುವಾಗ ನನ್ನ ದನಿ ತರಗತಿಯ ದನಿಯಾಗಿತ್ತು.

“ಅಂದ್ರ ಅವ್ವಗ ಫರಕ್ ಗೊತ್ತಾಗಲ್ಲ, ಎರಡೂ ಒಂದs ಅಂತ ಆತಲ್ಲ?” ಅಂದ ತಮ್ಮ.

ಇಲ್ಲ ಅನ್ನಬೇಕಿತ್ತು. ಸಾಬೀತಾಗಲಿಲ್ಲ ಅಂದರೆ ಸುಳ್ಳು ಅಂತ ಅರ್ಥವಲ್ಲ ಎಂದು ಹುಡುಗರ ತಲೆಗೆ ತುಂಬಲು ನಾನು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ, ಪರೀಕ್ಷೆಯಲ್ಲಿ ಸುಳ್ಳು ಅಂತ ಬರೆದವರ ಅಂಕ ಕಡಿಯುತ್ತೇನೆ. ತಮ್ಮ ಕೇಳಿದಾಗ ಅರ್ಧ ಚೀಲ ಹೊತ್ತು ಬಸ್ ಇಳಿಯುವುದು ನೆನಪಾಯಿತು. “ಹೂಂ” ಅಂದೆ.

ತಮ್ಮನ ಹೆಂಡತಿ ನಾಸಿಕ್‌ನಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾದರೂ ಆಡುವುದು ಮರಾಠಿ. “ಜಾಊ ದ್ಯಾ ನಾ,” ಬಿಟ್ಟುಬಿಡಿ ಅಂತ ಮೆಲ್ಲಗೆ ಅಂದಳು. ಯಾರೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಅಣ್ಣನಿಗೆ ಫೋನ್ ಮಾಡಿದಳು. ಸಿಟ್ಟಿನಿಂದ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. “ಮುಂದಿನ ವರ್ಷ ಜ್ವಾಳ ಕಳಸಬ್ಯಾಡಪ್ಪ. ನನ್ನ ಮಗಳು ಟೆಸ್ಟ್ ಮಾಡಿ ನೋಡ್ಯಾಳ, ಎರಡೂ ಒಂದs ಅಂತ. ಅಂದಾಜಲ್ಲಪ್ಪಾ, ಖರೇ ಲೆಕ್ಕ,” ಅಂದಳು. ದನಿಯಲ್ಲಿ ಹೆಮ್ಮೆ ಇತ್ತು. ಆಚೆಯಿಂದ ಮಾವ ಏನಂದನೋ ನನಗೆ ಕೇಳಿಸಲಿಲ್ಲ. “ಇಲ್ಲಪ್ಪ, ಆಕಿ ಸುಳ್ಳು ಹೇಳಲ್ಲ,” ಅಂದಳು ಅವ್ವ.

ಈ ಬೇಸಿಗೆಗೆ ಚೀಲ ಬರಲಿಲ್ಲ. ಅವ್ವ ನನ್ನ ಹತ್ತಿರ ಸಂಭಾಜಿನಗರಕ್ಕೆ ಬಂದು ಇದ್ದಳು. ಮೊದಲೆಲ್ಲ ಬೇಳೆ ಕುದಿಯುವಾಗ ಅದರ ವಾಸನೆ ಹಿಡಿದೇ ಉಪ್ಪು ಸಾಲದು ಅನ್ನುತ್ತಿದ್ದವಳು, ಈಗ ಎಲ್ಲದಕ್ಕೂ ನನ್ನನ್ನು ಕೂಗುತ್ತಿದ್ದಳು. ಹಾಲು ಕೆಟ್ಟಿದೆಯಾ, ಮಾವು ಹಣ್ಣಾಗಿದೆಯಾ, ನೀನೇ ನೋಡು. ನಾನು ಮೊದಮೊದಲು ವಯಸ್ಸಾಯಿತು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಒಂದು ದಿನ ತಡೆಯಲಾಗದೆ ಒಲೆಯ ಮುಂದೆ ನಿಂತು ಹೇಳಿದೆ: “ಅವ್ವಾ, ಅವತ್ತು ನೀ ಸೋತಿರಲಿಲ್ಲ. ಎಂಟೇ ರೊಟ್ಟಿ ಇಟ್ಟಿದ್ದೆ ನಾನು, ಅದರಾಗ ಒಂದು ತಪ್ಪಿದ್ರೂ ಸೋಲು. ಆರಾರು ಇಟ್ಟಿದ್ರ ಒಂದು ತಪ್ಪಿದ್ರೂ ನೀನs ಗೆಲ್ತಿದ್ದಿ. ಅದು ನಂಗ ಮೊದಲs ಗೊತ್ತಿತ್ತು.”

ಅವ್ವ ಸೌಟು ತಿರುವುತ್ತಲೇ ಕೇಳಿದಳು, “ಮತ್ತ ಆರಾರು ಯಾಕ ಇಡಲಿಲ್ಲ?”

“ಅಷ್ಟು ಯಾರು ಬಡೀತಾರಂತ.” ಅದೂ ಪೂರ್ತಿ ನಿಜವಲ್ಲ. “ಈಗ ಮತ್ತ ಮಾಡೋಣ. ನಾನs ಬಡೀತೀನಿ. ಪಲ್ಯಾನೂ ಇಡ್ತೀನಿ.”

“ಯಾ ಜ್ವಾಳದ್ದು ಮಾಡ್ತಿ? ಊರಿನ ಜ್ವಾಳ ಎಲ್ಲದ?”

“ಮಾವಗ ಹೇಳಿ ಒಂದೀಟು ತರಿಸೋಣ.”

“ಆ ಪಟ್ಟಿಗಿ ಅಂವ ತೊಗರಿ ಹಾಕ್ಯಾನ,” ಅಂದಳು ಅವ್ವ. “ಪಾಪ, ತಂಗಿಗೆ ಬ್ಯಾಡಾದ ಮ್ಯಾಲ ಯಾರ ಸಲುವಾಗಿ ಬಿತ್ತಬೇಕು ಅಂವ?”

ಆಮೇಲೆ ಸೌಟಿನ ತುದಿಯಲ್ಲಿ ಸ್ವಲ್ಪ ಬೇಳೆ ಎತ್ತಿ, ಊದಿ ಆರಿಸಿ ನನ್ನ ಕಡೆ ಹಿಡಿದಳು.

“ಉಪ್ಪು ನೋಡು, ಸಾಕೇನು?”

ಸಪ್ಪಗಿತ್ತು. “ನೀನs ನೋಡವ್ವಾ,” ಅಂದೆ. ಅವಳು ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು.